ನಮ್ಮ ಪುಕ್ಕಲು ಟೀಚರ್

ನಾನು ಕಂಡವರಲ್ಲೆಲ್ಲ ಅತಿ ಪುಕ್ಕಲರು ಯಾರು ಎಂದು ಕೇಳಿದರೆ ಯೋಚನೆಯೇ ಬೇಕಾಗಿಲ್ಲ, ನಮ್ಮ ಟೀಚರ್. ಹೋದ ವಾರ ಕೊಯಮತ್ತೂರಿನಿಂದ ಅಣ್ಣನ ಮಗ ಫೋನ್ ಮಾಡಿದ್ದ. ಅದೂ ಇದೂ ಮಾತಾಡಿ ಕೊನೆಗೆ, “ಅತ್ತೆ, ನಿಮ್ ಟೀಚರಮ್ಮ ಓಗ್ಬುಟ್ರಂತೆ” ಎಂದ. ನಿದ್ದೆಯಲ್ಲೇ ಹೋದರಂತೆ. ಸದ್ಯ ಎಂದುಕೊಂಡೆ. ಎಚ್ಚರವಾಗಿದ್ದಿದ್ದರೆ ಎಷ್ಟು ಹೆದರಿಕೊಳ್ಳುತ್ತಿದ್ದರೋ ಏನೋ. ಫೋನ್ ಇಟ್ಟು ಅಡುಗೆಮನೆಗೆ ಹೋದೆ, ಅಳು ಬಂತು, ಒಲೆಯ ಮೇಲಿದ್ದ ಹಾಲು ಉಕ್ಕಿಹೋಯಿತು. ಅವರ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಹೆಸರು ಅಚ್ಚಾದರೆ ಯಾರಾದರೂ ಬಂದು ಏನಾದರೂ ಕೇಳಿಯಾರು ಎಂದು ಅವರಿಗೆ ಭಯ. ಸತ್ತ ಮೇಲೂ ಅವರನ್ನು ಹೆದರಿಸುವ ಕೆಲಸ ನನಗೆ ಬೇಡ.

ಕೊಯಮತ್ತೂರಿನ ಹತ್ತಿರದ ಅನ್ನೂರಿನಲ್ಲಿ ಬಸ್ಸಿಳಿದು ಜೋಳದ ಹೊಲಗಳ ನಡುವೆ ನಡೆದರೆ ನಮ್ಮೂರು ಸಿಗುತ್ತಿತ್ತು. ನಮ್ಮದು ಕನ್ನಡ ಮಾತಾಡುವ ಒಕ್ಕಲುಮನೆ. ಯಾವ ಕಾಲದಲ್ಲೋ ಮೈಸೂರು ಸೀಮೆಯಿಂದ ಘಟ್ಟ ಇಳಿದು ಬಂದವರು ಎಂದು ಅಜ್ಜಿ ಹೇಳುತ್ತಿದ್ದಳು. ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ಮಾತ್ರ ಮನೆಯಲ್ಲಿ ಯಾರಿಗೂ ಬರುತ್ತಿರಲಿಲ್ಲ. ನಾನದನ್ನು ಕಲಿತದ್ದು ಮದುವೆಯಾಗಿ ಮೈಸೂರಿಗೆ ಬಂದ ಮೇಲೆ. ನಾನು ಹೇಳುತ್ತಿರುವುದು ಸ್ವಾತಂತ್ರ್ಯ ಬಂದು ಕೆಲವೇ ವರ್ಷಗಳಾಗಿದ್ದ ಕಾಲ. ಬಾವಿಗಳಿಗೆ ಕರೆಂಟು ಪಂಪು ಬಂದಿರಲಿಲ್ಲ. ಎತ್ತು ಹೂಡಿ, ತೊಗಲಿನ ದೊಡ್ಡ ಚೀಲ ಇಳಿಬಿಟ್ಟು, ಕಪಿಲೆಯಲ್ಲೇ ನೀರೆತ್ತುತ್ತಿದ್ದರು. ಶಾಲೆ ಎಂದರೆ ಒಂದು ಕೋಣೆಯ ಹೆಂಚಿನ ಮನೆ. ಎಲ್ಲ ತರಗತಿಗೂ ಒಬ್ಬರೇ ಟೀಚರ್.

ಅವರು ಕೊಯಮತ್ತೂರು ಪೇಟೆಯವರು, ಅವರ ಮನೆಮಾತೂ ಕನ್ನಡ. ಮಡಿ ಮೈಲಿಗೆಯ ಬ್ರಾಹ್ಮಣರ ಮನೆ, ತಂದೆ ಕೋರ್ಟಿನಲ್ಲಿ ಗುಮಾಸ್ತರು. ಚಿಕ್ಕ ವಯಸ್ಸಿನಲ್ಲೇ ಗಂಡ ತೀರಿಕೊಂಡು, ಟ್ರೈನಿಂಗ್ ಮುಗಿಸಿ ಕೆಲಸಕ್ಕೆ ಸೇರಿದವರು. ಬೆಳಗಿನ ಬಸ್ಸಿಗೆ ಬಂದು ಸಾಯಂಕಾಲದ ಬಸ್ಸಿಗೆ ಹೋಗುತ್ತಿದ್ದರು. ಕೈಯಲ್ಲಿ ಯಾವಾಗಲೂ ಒಂದು ಕೊಡೆ, ಬಿಸಿಲಿಗಲ್ಲ, ನಾಯಿಗೆ. ಪ್ರತಿ ತೋಟದ ಬೇಲಿಯ ಹತ್ತಿರ ನಿಂತು, “ಅಣ್ಣಾ, ನಾಯಿ ಕಟ್ಟಿದೀರಾ?” ಎಂದು ಕೂಗಿ, ಉತ್ತರ ಬರುವ ತನಕ ಹೆಜ್ಜೆ ಎತ್ತುತ್ತಿರಲಿಲ್ಲ. ಗುಡುಗು ಬಂದರೆ ಕಿಟಕಿಗಳನ್ನು ಮುಚ್ಚಿ, ನಮ್ಮಿಂದ ಜೋರಾಗಿ ಮಗ್ಗಿ ಹೇಳಿಸುತ್ತಿದ್ದರು, ಗುಡುಗು ತಮ್ಮ ಕಿವಿಗೆ ಬೀಳದಿರಲಿ ಎಂದು. ಹೆದರಿದಾಗ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಳ್ಳುತ್ತಿದ್ದರು. ಸಾಯಂಕಾಲದ ಹೊತ್ತಿಗೆ ಆ ತುದಿ ಹಿಂಡಿದ ಬಟ್ಟೆಯಂತಾಗಿರುತ್ತಿತ್ತು.

ಅವರು ನಿವೃತ್ತರಾದ ಮೇಲೆ ಒಂದು ಸಲ ಅವರ ಮನೆಗೆ ಹೋಗಿದ್ದೆ. ಕಿಟಕಿಯ ಸರಳಿನ ಹಿಂದಿನಿಂದ ಯಾರು, ಯಾರು ಎಂದು ಮತ್ತೆ ಮತ್ತೆ ಕೇಳಿ, ಅಗುಳಿ ತೆಗೆದು, ಚಿಲಕ ತೆಗೆದು, ಸರಪಳಿ ತೆಗೆದು ಒಳಗೆ ಬಿಟ್ಟರು. ಕಾಫಿ ಕೊಟ್ಟರು. ನಾನು ಆ ಹಳೆಯ ಸಂಗತಿ ಎತ್ತಿ, “ಅಷ್ಟೊಂದು ಧೈರ್ಯ ಎಲ್ಲಿಂದ ಬಂತು ಟೀಚರ್?” ಎಂದೆ. ಅವರಿಗೆ ಕೋಪವೇ ಬಂತು. “ಧೈರ್ಯ ಯಾರಿಗಿತ್ತು? ಮಕ್ಕಳ ಮುಂದೆ ಒಂದು ಮಾತು ಆಡಿಬಿಟ್ಟಿದ್ದೆ. ನೀವು ಮರೀಬೇಕಲ್ಲ, ಪೀಡೆಗಳು” ಎಂದರು. ಅವರು ಆಡಿದ ಮಾತು ಏನು ಎಂಬುದೇ ಈ ಕಥೆ.

ಅದು ಶುರುವಾದದ್ದು ಮಜ್ಜಿಗೆಯಿಂದ. ನನ್ನ ಪಕ್ಕದಲ್ಲಿ ಕೂರುತ್ತಿದ್ದ ಸೆಲ್ವಿ ಎಂಬ ತಮಿಳು ಹುಡುಗಿಗೆ ಒಂದು ಮಧ್ಯಾಹ್ನ ನನ್ನ ಬುತ್ತಿಯ ಮಜ್ಜಿಗೆ ಕೊಡಲು ಹೋದೆ. ಅವಳು ಹಿಂದಕ್ಕೆ ಸರಿದಳು. ಕನ್ನಡದವರು ಮಜ್ಜಿಗೆಯಲ್ಲಿ ಮಾಟದ ಬೇರು ತೇಯ್ದು ಹಾಕುತ್ತಾರೆ, ಕುಡಿದವರು ಒಣಗಿ ಸಾಯುತ್ತಾರೆ ಎಂದು ಅವಳ ಅಮ್ಮ ಹೇಳಿದ್ದಳಂತೆ. ನಾವು ಬೇರೆಯವರಿಗೆ ಹೆದರುವುದು ನನಗೆ ಗೊತ್ತಿತ್ತು. ನಮಗೂ ಹೆದರುವವರು ಇದ್ದಾರೆ ಎಂಬುದು ಗೊತ್ತಿರಲಿಲ್ಲ. ನಾನು ಗೋಳೋ ಎಂದು ಅತ್ತೆ. ಟೀಚರ್ ಸೆಲ್ವಿಯನ್ನು ಬೈಯಲಿಲ್ಲ. ಊಟ ಮುಗಿದ ಮೇಲೆ ನಮ್ಮನ್ನೆಲ್ಲ ಸುತ್ತ ಕೂರಿಸಿಕೊಂಡು ಕೇಳಿದರು. ಪಾಠವೆಲ್ಲ ತಮಿಳಿನಲ್ಲಿ, ನಾನಿಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ.

“ಮನೇಲಿ ನಿಮಗೆ ಯಾವುದನ್ನ ಕಂಡರೆ ಹೆದರಬೇಕು ಅಂತ ಹೇಳಿದಾರೆ? ಒಬ್ಬೊಬ್ಬರೇ ಹೇಳಿ ಕಣ್ಣು.” ಎಲ್ಲ ಮಕ್ಕಳನ್ನೂ ಅವರು ತಮಿಳರ ಹಾಗೆ ಮುದ್ದಿನಿಂದ ‘ಕಣ್ಣು’ ಎಂದೇ ಕರೆಯುತ್ತಿದ್ದುದು.

ಹುಣಸೆಮರದ ಮುನಿ ದೆವ್ವ ಎಂದ ಒಬ್ಬ. ಜವಳಿ ಮೂಟೆ ಹೊತ್ತು ಬರುವ ತುರುಕರ ತಾತ ಎಂದ ಇನ್ನೊಬ್ಬ. ಆ ಮೂಟೆಯೊಳಗೆ ಮಕ್ಕಳಿರುತ್ತಾರಂತೆ. ಬುಡಬುಡಿಕೆಯವನು. ಕನ್ನಡದವರ ಮಜ್ಜಿಗೆ. “ಟೀಚರ್, ನಿಮಗೆ?” ಎಂದು ಯಾರೋ ಕೇಳಿದರು. ಅವರು ನಾಚಿಕೊಂಡು, ನಾಯಿ, ಗುಡುಗು ಎಂದರು. ನಾವು ನಕ್ಕೆವು. ಆಗಲೇ ಅವರು ಆ ಮಾತು ಆಡಿದ್ದು. “ಸರಿ, ಹೇಳಿದ್ದನ್ನೆಲ್ಲ ಹೋಗಿ ಹತ್ತಿರದಿಂದ ನೋಡೋಣ. ಒಂದನ್ನೂ ಬಿಡೋದು ಬೇಡ. ನೋಡಿದ ಮೇಲೂ ಭಯ ಇದ್ದರೆ ಇರಲಿ.”

ನೋಡಿದೆವು. ಮಧ್ಯಾಹ್ನದ ಬಿಸಿಲಿನಲ್ಲಿ ಹುಣಸೆಮರದ ಕೆಳಗೆ ಕೂತು ಹುಣಸೆಹಣ್ಣು ತಿಂದೆವು. ಟೀಚರ್ ಕೊಡೆ ಬಿಚ್ಚಿಕೊಂಡು ಸ್ವಲ್ಪ ದೂರದಲ್ಲೇ ನಿಂತಿದ್ದರು. ಜವಳಿ ತಾತನನ್ನು ಶಾಲೆಗೇ ಕರೆಸಿದರು. ಆತ ಮೂಟೆ ಬಿಚ್ಚಿ ಹಾಸಿದಾಗ ಚೀಟಿ ಬಟ್ಟೆ, ಪಾಪ್ಲಿನ್ ತುಂಡುಗಳಲ್ಲದೆ ಇನ್ನೇನೂ ಸಿಗಲಿಲ್ಲ. ಮೊಮ್ಮಕ್ಕಳಿಗೆಂದು ಕೊಂಡಿದ್ದ ಪೆಪ್ಪರಮೆಂಟನ್ನು ನಮಗೆ ಹಂಚಿ, “ನಿಮ್ಮೂರಿಗೆ ಬರೋಕೆ ನನಗೂ ಭಯಾನೇ, ಮಕ್ಕಳು ಕಲ್ಲು ಎಸೀತವೆ” ಎಂದು ತಾತ ಹೇಳಿದ. ಕಲ್ಲು ಎಸೆಯುತ್ತಿದ್ದವರು ತಲೆ ತಗ್ಗಿಸಿದರು. ಮಜ್ಜಿಗೆ ನೋಡಲು ಇಡೀ ಶಾಲೆ ನಮ್ಮ ಮನೆಗೆ ಬಂತು. ಅಜ್ಜಿಗೆ ಹಿಗ್ಗೋ ಹಿಗ್ಗು. ಕಡೆಗೋಲು ಹಿಡಿದು ಎಲ್ಲರ ಮುಂದೆ ಮಜ್ಜಿಗೆ ಕಡೆದಳು. “ಏನ್ ಕೂಸುಗಳೋ, ಎಲ್ಲಾ ಕಡ್ಡಿ ಆಗವೆ, ಕುಡೀರಿ” ಎಂದು ಲೋಟಗಟ್ಟಲೆ ಕುಡಿಸಿದಳು. ಸೆಲ್ವಿ ಮಾರನೆಯ ದಿನವೂ ಬದುಕಿದ್ದಳು.

ಆದರೆ ಭಯಗಳನ್ನು ಹೇಳಿಕೊಂಡ ಆ ದಿನ ಕೊನೆಗೆ ಮಾತಾಡಿದವಳು ಮಾರಾತ್ತಾ. ಅವಳು ಊರಾಚೆಯ ಚೇರಿಯ, ಎಂದರೆ ಊರವರು ಮುಟ್ಟದವರ ಕೇರಿಯ ಹುಡುಗಿ, ಕಪಿಲೆಯ ತೊಗಲ ಚೀಲ ಹೊಲಿಯುವ ರಂಗನ ಮಗಳು. ಕಾನೂನು ಬಂದಿತ್ತು, ಶಾಲೆಗೆ ಸೇರಿಸಿಕೊಳ್ಳದೆ ವಿಧಿಯಿರಲಿಲ್ಲ. ಆದರೂ ಅವಳು ಬಾಗಿಲ ಬಳಿ ತನ್ನದೇ ಗೋಣಿತಟ್ಟಿನ ಮೇಲೆ ಬೇರೆ ಕೂರುತ್ತಿದ್ದಳು. ಮಜ್ಜಿಗೆಯ ದಿನವೂ ನಮ್ಮ ಮನೆಯ ಬೇಲಿಯಾಚೆಯೇ ನಿಂತಿದ್ದಳು. ಕುಡಿಯುವ ನೀರಿನ ಮಡಕೆ ಒಳಗೆ ಮೂಲೆಯಲ್ಲಿರುತ್ತಿತ್ತು, ನೀರು ನಮ್ಮ ಬಾವಿಯದು. ನಾವೆಲ್ಲ ಮೊಗೆದು ಕುಡಿಯುತ್ತಿದ್ದೆವು. ಮಾರಾತ್ತಾ ಮಾತ್ರ ಹೊರಗಿನ ಮೆಟ್ಟಿಲ ಮೇಲೆ ಕೂತು ಬೊಗಸೆ ಹಿಡಿಯಬೇಕು. ಯಾರಿಗಾದರೂ ಮನಸ್ಸು ಬಂದರೆ ಎದ್ದು ಹೋಗಿ ಎತ್ತರದಿಂದ ಸುರಿಯುತ್ತಿದ್ದರು. ಯಾರೂ ಏಳದಿದ್ದರೆ ಟೀಚರ್ ಸುರಿಯುತ್ತಿದ್ದರು, ಅವರೂ ಎತ್ತರದಿಂದಲೇ.

“ನಿನಗೆ ಯಾವುದರ ಭಯ ಮಾರಾತ್ತಾ?” ಎಂದು ಟೀಚರ್ ಕೇಳಿದರು.

ಅವಳು ಮೂಲೆಯ ಕಡೆ ಬೆರಳು ತೋರಿಸಿ, “ಆ ಮಡಕೆ” ಎಂದಳು. ಕೈ ತಾಗಿಬಿಟ್ಟರೆ ಅಪ್ಪನನ್ನು ಕಟ್ಟಿಹಾಕುತ್ತಾರೆ ಎಂದಳು.

ಆಗ ನಾವು ಯಾರೂ ನಗಲಿಲ್ಲ. ಹಿಂದಿನ ಬೇಸಗೆಯಲ್ಲಿ ಅವಳ ಚಿಕ್ಕಪ್ಪ ನಮ್ಮ ಬಾವಿಯ ತೊಟ್ಟಿಗೆ ಕೈ ಹಾಕಿ ನೀರು ಕುಡಿದನೆಂದು, ಅವನನ್ನು ಕಪಿಲೆಯ ಕಂಬಕ್ಕೆ ಕಟ್ಟಿ ಹೊಡೆದಿದ್ದರು. ನಾನು ಮನೆಯೊಳಗೆ ಬಾಗಿಲ ಹಿಂದೆ ನಿಂತು ಆ ಸದ್ದು ಕೇಳಿದ್ದೆ. ಹೊಡೆದವರಲ್ಲಿ ಅಪ್ಪ ಇದ್ದನೋ ಇಲ್ಲವೋ, ಅವನನ್ನು ನಾನು ಯಾವತ್ತೂ ಕೇಳಲಿಲ್ಲ. ಈಗ ಅವನೂ ಇಲ್ಲ.

ಒಂದನ್ನೂ ಬಿಡುವುದು ಬೇಡ ಎಂದು ಮಕ್ಕಳ ಮುಂದೆ ಹೇಳಿದ ಮೇಲೆ ಹೇಳಿದ್ದೇ. ಮಜ್ಜಿಗೆ ಮುಗಿಯಿತು, ಬುಡಬುಡಿಕೆಯವನೂ ಬಂದು ಹೋದ. “ಟೀಚರ್, ಮಡಕೆ ಯಾವಾಗ?” ಎಂದು ನಾವು ದಿನಾ ಬೆಳಗ್ಗೆ ಕೇಳುತ್ತಿದ್ದೆವು. ಅವರು “ನಾಳೆ” ಎನ್ನುತ್ತಿದ್ದರು. ನಾಳೆಯ ಮುಖ ಕಂಡವರು ಯಾರು? ಅವರ ಮುಖ ದಿನದಿನಕ್ಕೆ ಬಾಡುತ್ತಿತ್ತು.

ಕೊನೆಗೆ ಒಂದು ಸಾಯಂಕಾಲ ನನ್ನನ್ನು ಜೊತೆಗೆ ಕರೆದುಕೊಂಡು ರಂಗನನ್ನು ನೋಡಲು ಹೊರಟರು. ಚೇರಿಯೊಳಗೆ ಹೋಗಲಿಲ್ಲ, ಅದರ ಬಾಯಿಯಲ್ಲೇ ನಿಂತರು. ರಂಗ ಬೇವಿನ ಮರದ ಕೆಳಗೆ ಕೂತು ಹರಿದ ತೊಗಲ ಚೀಲಕ್ಕೆ ತೇಪೆ ಹಾಕುತ್ತಿದ್ದ. ಅವನ ಮನೆಮಾತು ತೆಲುಗು, ಪೇಟೆಯಲ್ಲಿ ತಮಿಳು. ಚಿಕ್ಕಂದಿನಿಂದ ನಮ್ಮ ಹೊಲದಲ್ಲಿ ದುಡಿದು ನಮ್ಮ ಕನ್ನಡವನ್ನೂ ನಮ್ಮಂತೆಯೇ ಆಡುತ್ತಿದ್ದ. ಮಕ್ಕಳಾದ ನಾವೂ ಅವನನ್ನು ‘ರಂಗಾ, ಬಾರೋ’ ಎಂದೇ ಕರೆಯುತ್ತಿದ್ದುದು. ಟೀಚರ್, “ರಂಗಯ್ಯ, ನಿಮ್ಮನ್ನ ಒಂದು ಮಾತು ಕೇಳಬೇಕು” ಎಂದಾಗ ಅವನು ಹಿಂತಿರುಗಿ ನೋಡಿದ, ತನ್ನ ಹಿಂದೆ ಯಾರೋ ದೊಡ್ಡವರು ಬಂದು ನಿಂತಿದ್ದಾರೆ ಎಂದುಕೊಂಡು.

ಮಾರಾತ್ತಾಳೂ ಮಡಕೆಯಿಂದ ಮೊಗೆದು ಕುಡಿಯಲಿ ಎಂದು ಟೀಚರ್ ಹೇಳಿದರು. ಅವನು ಸೂಜಿ ಕೆಳಗಿಟ್ಟು ಕೇಳಿದ. ಆಮೇಲೆ ಹೇಳಿದ: “ಬ್ಯಾಡ ತಾಯಿ. ನೀವು ಒಳ್ಳೇರು. ಬೆಳಗ್ಗೆ ಬತ್ತೀರ, ಕೂಸ್ಗೆ ನಾಕಕ್ಷರ ಏಳ್ಕೊಡ್ತೀರ. ಸಾಯಂಕಾಲ ಬಸ್ ಅತ್ತಿ ಓಗ್ಬುಡ್ತೀರ. ನಮ್ಗೆ ಬಸ್ಸಿಲ್ಲೆ.”

ವಾಪಸ್ಸು ಬರುವಾಗ ಟೀಚರ್ ದಾರಿಯ ಬದಿಯ ಕಲ್ಲಿನ ಮೇಲೆ ಕೂತುಬಿಟ್ಟರು. “ಅವರು ಹೇಳಿದ್ದು ನಿಜ ಕಣ್ಣು. ನನ್ನ ಭಯ ನನಗೆ, ಅಷ್ಟೇ. ಅವರ ಭಯಕ್ಕೆ ಕೋಲಿದೆ, ಹಗ್ಗ ಇದೆ” ಎಂದರು. ನಾನು ಮನೆಗೆ ಹೋಗಿ ಅಜ್ಜಿಯನ್ನು ಕೇಳಿದೆ: ನಮ್ಮ ಬಾವಿಯ ನೀರೆಲ್ಲ ರಂಗ ಹೊಲಿದ ತೊಗಲಿನಲ್ಲೇ ಮೇಲೆ ಬರುತ್ತದಲ್ಲ, ಅದಕ್ಕೆ ಮೈಲಿಗೆ ಇಲ್ಲವೇ? ಅಜ್ಜಿಯ ಹತ್ತಿರ ಉತ್ತರ ಸಿದ್ಧವಾಗಿತ್ತು. “ಅದು ಅರಿಯೋ ನೀರು. ಅರಿಯೋ ನೀರ್ಗೆ ಮೈಲ್ಗೆ ಇಲ್ಲೆ. ಮಡ್ಕೇದು ನಿಂತ ನೀರು.” ಹೀಗೆ ಎಲ್ಲದಕ್ಕೂ ಯಾವುದೋ ಕಾಲದಲ್ಲಿ ಯಾರೋ ಉತ್ತರ ಮಾಡಿಟ್ಟು ಹೋಗಿದ್ದರು.

ಟೀಚರ್ ಒಂದು ದಾರಿ ಹುಡುಕಿದರು. ಮಾರಾತ್ತಾಳನ್ನು ಮಡಕೆಯ ಹತ್ತಿರ ತರುವ ಬದಲು ನಮ್ಮನ್ನೆಲ್ಲ ಮೆಟ್ಟಿಲಿಗೆ ತಂದರು. ಇನ್ನು ಮೇಲೆ ಯಾರೂ ಮೊಗೆದು ಕುಡಿಯುವಂತಿಲ್ಲ. ಎಲ್ಲರೂ, ಟೀಚರೂ ಸೇರಿ, ಹೊರಗಿನ ಮೆಟ್ಟಿಲ ಮೇಲೆ ಕೂತು ಬೊಗಸೆ ಹಿಡಿಯಬೇಕು. ದಿನಕ್ಕೊಬ್ಬರು ಸುರಿಯಬೇಕು. ಯಾರ ಕೈ ಎಂದು ಜಗಳವಾಗಬಾರದೆಂದು ಸಾಲಿನಲ್ಲಿ ಕೂತ ಹಾಗೆ ಸರದಿ. ನಮಗೆ ಅದೊಂದು ಆಟವಾಯಿತು. ಸೆಲ್ವಿ ಬೇಕೆಂದೇ ಮೂಗಿನ ಮೇಲೆ ಸುರಿಯುತ್ತಿದ್ದಳು. ಊರಿನವರಿಗೂ ತಪ್ಪು ಹುಡುಕಲು ಏನೂ ಸಿಗಲಿಲ್ಲ. ಯಾವ ಕಟ್ಟಳೆಯೂ ಮುರಿದಿರಲಿಲ್ಲವಲ್ಲ.

ಆದರೆ ಸರದಿ ಎಂದ ಮೇಲೆ ಅದು ನಿಲ್ಲುವುದಿಲ್ಲ. ಒಬ್ಬೊಬ್ಬರದೇ ಮುಗಿದು ಸಾಲು ಬಾಗಿಲ ಕಡೆಗೆ ಸರಿಯುತ್ತಿತ್ತು. ಬಾಗಿಲ ಬಳಿ ಗೋಣಿತಟ್ಟು, ಅದರ ಮೇಲೆ ಮಾರಾತ್ತಾ. ನಮಗೆಲ್ಲ ಅದು ಕಾಣುತ್ತಿತ್ತು. ನಗು ಕಡಿಮೆಯಾಯಿತು. ಮನೆಗಳಲ್ಲಿ ಮಾತು ಶುರುವಾಯಿತು. ಊಟಕ್ಕೆ ಕೂತಾಗ ಅಪ್ಪ, “ಈಗ ಯಾರ್ ತನಕ ಬಂದದೆ?” ಎಂದು ಕೇಳಿದ. ನಾನು ಹೇಳಿದೆ. ಅವನು ಕೈ ತೊಳೆದು ಎದ್ದ. ಬಾಗಿಲ ಹಿಂದೆ ಕೇಳಿದ ಆ ಸದ್ದು ಮತ್ತೆ ಮತ್ತೆ ಕಿವಿಗೆ ಬರುತ್ತಿತ್ತು.

ಹಿಂದಿನ ದಿನ ಟೀಚರ್ ಮಾರಾತ್ತಾಳನ್ನು ಕರೆದು ಎಲ್ಲರೆದುರಿಗೆ ಹೇಳಿದರು: “ನಾಳೆ ನಿನ್ನ ಸರದಿ. ಬರೋದೂ ಬಿಡೋದೂ ನಿನ್ನದು, ನಿಮ್ಮಪ್ಪನದು. ಬರದಿದ್ದರೆ ತಪ್ಪಿಲ್ಲ. ಬಂದರೆ ನಾನು ಇಲ್ಲಿರ್ತೀನಿ.” ಹೇಳುವಾಗ ಸೆರಗಿನ ತುದಿ ಮುಷ್ಟಿಯಲ್ಲಿತ್ತು. ಅವಳು ಬರದಿರಲಿ ಎಂದು ನಾನು ಮನಸ್ಸಿನಲ್ಲೇ ಮಾರಿಯಮ್ಮನಿಗೆ ಹರಕೆ ಹೊತ್ತೆ.

ಮಾರಾತ್ತಾ ಬಂದಳು. ತಲೆಗೆ ಎಣ್ಣೆ ಹಾಕಿ ಬಿಗಿಯಾಗಿ ಜಡೆ ಹೆಣೆದಿದ್ದರು. ಹಿಂದೆ ರಂಗ ಬಂದು ಶಾಲೆಯ ಅಂಗಳದಾಚೆಯ ಬೇವಿನ ಮರದ ಕೆಳಗೆ ನಿಂತ. “ಅಪ್ಪ ರಾತ್ರಿಯೆಲ್ಲ ಬ್ಯಾಡ ಅಂತು. ಬೆಳಗ್ಗೆ ಅದೇ ಜಡೆ ಆಕ್ತು” ಎಂದು ಅವಳು ನನ್ನ ಕಿವಿಯಲ್ಲಿ ಹೇಳಿದಳು.

ನೀರಿನ ಹೊತ್ತಿಗೆ ಅವರು ಬಂದರು. ಮುಂದೆ ಊರಿನ ಮಣಿಯಗಾರರು, ಎಂದರೆ ಊರ ಯಜಮಾನಿಕೆ ಅವರದು. ಪಕ್ಕದಲ್ಲಿ ಅಪ್ಪ, ನೀರು ನಮ್ಮ ಬಾವಿಯದಾದ್ದರಿಂದ ಮಾತಾಡಬೇಕಾದವನು ಅವನೇ. ಹಿಂದೆ ಕೋಲು ಹಿಡಿದ ಕೆಲವರು. ಅಂಗಳದಲ್ಲಿ ಸಾಲಾಗಿ ನಿಂತರು. ನಾವು ಮೆಟ್ಟಿಲ ಮೇಲೆ ಒಬ್ಬರಿಗೊಬ್ಬರು ಅಂಟಿಕೊಂಡು ಕೂತೆವು. ಒಬ್ಬ ಚಿಕ್ಕ ಹುಡುಗ ಚಡ್ಡಿ ಒದ್ದೆ ಮಾಡಿಕೊಂಡ.

“ಟೀಚರಮ್ಮ, ಇದೊಂದು ಬ್ಯಾಡ” ಎಂದ ಅಪ್ಪ. ಜೋರಾಗಿ ಹೇಳಲಿಲ್ಲ. ಅವನು ಮೆಲ್ಲಗೆ ಮಾತಾಡಿದಾಗಲೇ ನಮಗೆ ಹೆಚ್ಚು ಹೆದರಿಕೆ. “ಇಷ್ಟ್ ದಿವ್ಸ ನೀವ್ ಮಾಡಿದ್ದ ಸುಮ್ನೆ ನೋಡ್ಕೊಂಡ್ ಇದ್ದೊ. ಆ ಕೂಸ್ನ ಮನೆಗ್ ಕಳ್ಸಿ. ಇಲ್ಲಾಂದ್ರ ಅವ್ರಪ್ಪನ್ಗೇ ಕಷ್ಟ.”

ಟೀಚರ ಮುಖ ಸುಣ್ಣದಂತೆ ಬಿಳುಚಿಕೊಂಡಿತ್ತು. ಅವರು ಮಣಿಯಗಾರರನ್ನು ನೋಡಿದರು, ಕೋಲುಗಳನ್ನು ನೋಡಿದರು. ಆಮೇಲೆ ಅಪ್ಪನ ಕಡೆ ತಿರುಗಿ, ಅದುವರೆಗೆ ಶಾಲೆಯಲ್ಲಿ ಒಮ್ಮೆಯೂ ಆಡದ ಕನ್ನಡದಲ್ಲಿ ಹೇಳಿದರು:

“ಅಣ್ಣಾ, ನನಗೆ ರೊಂಬ ಭಯ ಆಗ್ತದೆ. ಕಾಲು ನಿಲ್ತಾ ಇಲ್ಲ. ಈ ಮಕ್ಕಳು ನೀರು ಕುಡಿಯೋ ತನಕ ನೀವು ಸ್ವಲ್ಪ ನನ್ನ ಪಕ್ಕದಲ್ಲಿ ನಿಂತ್ಕೊಳ್ಳಿ.”

ಅಪ್ಪ ನಿಂತಲ್ಲೇ ಕಲ್ಲಾದ. ಹೆದರಿಸಲು ಬಂದವನನ್ನೇ ಕಾವಲಿಗೆ ಕರೆದರೆ ಅವನಾದರೂ ಏನು ಮಾಡಬೇಕು? ನಮ್ಮ ಕಡೆ ಹೆಣ್ಣೊಬ್ಬಳು ನಾಲ್ಕು ಜನರ ಮುಂದೆ ಅಣ್ಣಾ ಎಂದು ಕರೆದು ಆಸರೆ ಬೇಡಿದರೆ ಇಲ್ಲ ಎನ್ನುವಂತಿಲ್ಲ. ಇಲ್ಲ ಎಂದವನನ್ನು ಅವನ ಅಕ್ಕತಂಗಿಯರೇ ತವರಿನ ಬಾಗಿಲಲ್ಲಿ ನಿಂತು ಶಪಿಸುತ್ತಾರೆ. ಟೀಚರ್ ಉಪಾಯ ಮಾಡಿದರು ಎಂದು ಊರಿನವರು ಆಮೇಲೆ ಹೇಳಿಕೊಂಡರು. ಉಪಾಯವೂ ಇಲ್ಲ, ಮಣ್ಣೂ ಇಲ್ಲ. ನಾನು ಅವರ ಕಾಲ ಬಳಿಯೇ ಕೂತಿದ್ದೆ, ಸೀರೆಯ ನೆರಿಗೆ ಗಡಗಡ ನಡುಗುತ್ತಿತ್ತು. ಅಪ್ಪನಿಗೂ ಅದು ಕಂಡಿರಬೇಕು. ಅವನು ಮಣಿಯಗಾರರ ಮುಖ ನೋಡದೆ, ತಲೆ ತಗ್ಗಿಸಿಕೊಂಡು ಬಂದು ಟೀಚರ ಪಕ್ಕದಲ್ಲಿ ನಿಂತ.

ಮಾರಾತ್ತಾ ಒಳಗೆ ಹೋದಳು. ಮಡಕೆಯ ಮುಚ್ಚಳ ತೆಗೆದ ಸದ್ದು ಅಂಗಳದವರೆಗೂ ಕೇಳಿಸಿತು. ಚೊಂಬು ತುಂಬಿಕೊಂಡು ಬಂದಳು. ಮೊದಲು ಟೀಚರ್ ಕೂತು ಬೊಗಸೆ ಹಿಡಿದರು. ಅರ್ಧ ನೀರು ಸೀರೆಗೇ ಬಿತ್ತು. ಎರಡನೆಯವಳು ನಾನು. ಅಪ್ಪ ನೋಡುತ್ತಿದ್ದ. ನಾನು ಅವನ ಕಡೆ ನೋಡದೆ ಕುಡಿದೆ. ಸೆಲ್ವಿ ಕುಡಿದಳು. ಕೆಲವರು ಎದ್ದು ಮನೆಗೆ ಓಡಿದರು. ಉಳಿದವರು ಕುಡಿದರು. ಮಣಿಯಗಾರರು ನೆಲಕ್ಕೆ ಉಗುಳಿ, ಬೇವಿನ ಮರದ ಕಡೆ ತಿರುಗಿ ರಂಗನಿಗೆ ತಮಿಳಿನಲ್ಲಿ ಒಂದೇ ಮಾತು ಹೇಳಿದರು: “ಕತ್ತಲಾಗಲಿ, ಬರ್ತೀವಿ.”

ಸಾಯಂಕಾಲ ಟೀಚರ ಜೊತೆ ನಾನೂ ಮಾರಾತ್ತಾಳೂ ಹೊಲದ ದಾರಿಯವರೆಗೆ ನಡೆದೆವು. ಅಲ್ಲಿ ಎಡಕ್ಕೆ ಹೋದರೆ ಅನ್ನೂರಿನ ಬಸ್ಸು, ಬಲಕ್ಕೆ ಹೋದರೆ ಚೇರಿ. ಟೀಚರ್ ಆ ಕವಲಿನಲ್ಲಿ ನಿಂತರು. ದೂರದಲ್ಲಿ ಬಸ್ಸಿನ ಹಾರನ್ ಕೇಳಿಸಿತು. ಅವರು ಕಣ್ಣು ಮುಚ್ಚಿಕೊಂಡರು. ಆಮೇಲೆ ಕೊಡೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಮಾರಾತ್ತಾಳ ಕೈ ಹಿಡಿದರು. ಅವರು ಅವಳನ್ನು ಮುಟ್ಟಿದ್ದನ್ನು ನಾನು ನೋಡಿದ್ದು ಅದೇ ಮೊದಲು. “ನಿಮ್ಮನೆ ಹತ್ತಿರ ನಾಯಿ ಇದೆಯಾ?” ಎಂದು ಕೇಳಿದರು. ಇದೆ, ಕಚ್ಚುವುದಿಲ್ಲ ಎಂದಳು ಮಾರಾತ್ತಾ. ಇಬ್ಬರೂ ಬಲಕ್ಕೆ ತಿರುಗಿದರು.

ನಾನು ಓಡಿಬಂದು ಮನೆಯಲ್ಲಿ ಹೇಳಿದೆ. ಅಪ್ಪ ಊಟಕ್ಕೆ ಕೂತಿದ್ದ. ಕಲಸಿದ ಅನ್ನವನ್ನು ಮತ್ತೆ ಕಲಸಿದ. ಮಾತಾಡಿದವಳು ಅಜ್ಜಿ. ಚೇರಿಯವರ ನೆರಳು ಬಿದ್ದರೆ ಸ್ನಾನ ಮಾಡುವ ಅಜ್ಜಿ.

“ನಿನ್ನ ಅಣ್ಣಾ ಅಂದೋಳು ಅಲ್ಲಿ ಕತ್ಲಾಗೆ ಕೂತವ್ಳೆ. ನೀನಿಲ್ಲಿ ಸಾರು ಸುರ್ಕೊಂಡು ಕೂತಿದಿಯಲ್ಲ, ನಾಚ್ಕೆ ಇಲ್ಲೆ?”

ಅಪ್ಪ ಎದ್ದ. ಕೋಲು ತೆಗೆದುಕೊಂಡ, ಹಗ್ಗದ ಮಂಚ ಹೊತ್ತುಕೊಂಡ, ಹೋದ. ಊರಿಗೂ ಚೇರಿಗೂ ನಡುವೆ ಇದ್ದದ್ದು ಒಂದೇ ಗಾಡಿದಾರಿ. ಆ ದಾರಿಗೆ ಅಡ್ಡಲಾಗಿ ಮಂಚ ಹಾಕಿ ಕೂತನಂತೆ. ಕೋಲು ಹಿಡಿದವರು ಬಂದರಂತೆ, ಮಂಚದ ಮೇಲೆ ಯಾರಿದ್ದಾರೆಂದು ನೋಡಿ ಸ್ವಲ್ಪ ಹೊತ್ತು ನಿಂತರಂತೆ. “ನನ್ ದಾಟ್ಕೊಂಡ್ ಓಗಿ” ಎಂದನಂತೆ ಅಪ್ಪ. ಅವರು ಹಿಂತಿರುಗಿದರು. ನನಗೆ ಇದೆಲ್ಲ ಗೊತ್ತಾದದ್ದು ಎಷ್ಟೋ ದಿನಗಳ ಮೇಲೆ. ಆ ರಾತ್ರಿ ನಾನು ಅಜ್ಜಿಯ ಸೆರಗೊಳಗೆ ಮುಖ ಹುದುಗಿಸಿ, ಬೆಳಗಾಗುವುದೇ ಇಲ್ಲವೇನೋ ಎಂದು ಹೆದರಿ ಮಲಗಿದ್ದೆ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಆ ಬೇಸಗೆಯಲ್ಲಿ ಟೀಚರನ್ನು ಉಡುಮಲೈಪೇಟೆಯ ಕಡೆಗೆ ವರ್ಗ ಮಾಡಿಸಿದರು. ರಂಗನಿಗೆ ಕೆಲಕಾಲ ಊರಿನಲ್ಲಿ ಯಾರೂ ಕೆಲಸ ಕೊಡಲಿಲ್ಲ. ಆದರೆ ತೊಗಲ ಚೀಲಗಳು ಒಂದೊಂದಾಗಿ ಹರಿದವು, ಗದ್ದೆ ಒಣಗತೊಡಗಿತು, ಕರೆಯದೆ ಗತಿಯಿರಲಿಲ್ಲ. ಹೊಸದಾಗಿ ಬಂದ ಮೇಷ್ಟ್ರು ಸರದಿಯನ್ನು ನಿಲ್ಲಿಸಿದರು. ಮೊದಲ ದಿನ ಅವರು ಹಿಂದಿನಂತೆ ಮೊಗೆದು ಕುಡಿಯಿರಿ ಎಂದಾಗ, ಮಾರಾತ್ತಾ ಯಾರನ್ನೂ ಕೇಳದೆ ಎದ್ದು ಹೋಗಿ ಮೊಗೆದು ಕುಡಿದು ಬಂದು ಕೂತಳು. ಮೇಷ್ಟ್ರು ಕಪ್ಪುಹಲಗೆಯ ಕಡೆ ತಿರುಗಿಕೊಂಡರು. ಟೀಚರ್ ಉಡುಮಲೈಪೇಟೆಯಲ್ಲೂ ನಾಯಿಗೆ ಹೆದರುತ್ತಿದ್ದರಂತೆ.

ಆದರೆ ಅವರನ್ನು ನೆನೆದಾಗಲೆಲ್ಲ ನನ್ನ ಕಣ್ಣಿಗೆ ಬರುವುದು ಅಪ್ಪ ಮಂಚ ಹಾಕಿ ಕೂತ ರಾತ್ರಿಯ ಮರುದಿನದ ಬೆಳಗು. ಹೊತ್ತು ಮೂಡುತ್ತಲೇ ಅಜ್ಜಿ ನನ್ನ ಕೈಗೆ ಒಂದು ಚೊಂಬು ನೀರು ಕೊಟ್ಟು, “ಓಡು, ನಿಮ್ಮಪ್ಪನ್ಗೆ ಬಾಯಿ ಒಣಗಿರ್ತದೆ” ಎಂದು ಕಳಿಸಿದಳು. ಅಪ್ಪ ಮಂಚದ ಮೇಲೆ ಕೂತೇ ಇದ್ದ, ಕಣ್ಣು ಕೆಂಪಾಗಿತ್ತು. ಕೆಲವೇ ಹೆಜ್ಜೆ ಆಚೆ, ರಂಗನ ಗುಡಿಸಿಲ ಜಗಲಿಯ ಮೇಲೆ ಟೀಚರ್ ಗೋಡೆಗೆ ಒರಗಿ ಕೂತಿದ್ದರು. ಮುಂದೆ ಒಂದು ಅಲ್ಯುಮಿನಿಯಂ ಲೋಟದಲ್ಲಿ ನೀರು. ನನ್ನನ್ನು ಹತ್ತಿರ ಕರೆದರು.

“ರಾತ್ರಿಯೆಲ್ಲ ಇದು ನನ್ನ ಮುಂದೆ ಇತ್ತು ಕಣ್ಣು. ರಂಗಯ್ಯ ಇಟ್ಟುಹೋದರು. ಬಾಯಾರಿತ್ತು, ಆದರೂ ಕುಡಿಯೋಕೆ ಆಗಲಿಲ್ಲ. ಕೈ ಹೋಗೋದು, ನಮ್ಮಮ್ಮ ಹಿಂದೆ ನಿಂತು ಹಿಡಿದ ಹಾಗೆ ವಾಪಸ್ಸು ಬರೋದು.” ಅವರು ಅಳುತ್ತಿದ್ದರು. “ಅವತ್ತು ನೀವು ಕೇಳಿದಾಗ ನಾಯಿ ಅಂದೆ, ಗುಡುಗು ಅಂದೆ. ಇದನ್ನ ಹೇಳಲಿಲ್ಲ.”

ಮಾರಾತ್ತಾ ಒಳಗಿನಿಂದ ಬಂದಳು. ಹಳೆಯ ನೀರು ಚೆಲ್ಲಿ, ತಮ್ಮ ಮನೆಯ ಮಡಕೆಯಿಂದ ಲೋಟ ತುಂಬಿಸಿ ತಂದಳು. ಅಭ್ಯಾಸದಂತೆ ಎತ್ತರದಿಂದ ಸುರಿಯಲು ಕೈ ಎತ್ತಿದಳು. ಟೀಚರ್ ಬೊಗಸೆ ಹಿಡಿಯಲಿಲ್ಲ. ಲೋಟವನ್ನೇ ಈಸಿಕೊಂಡು, ಕಣ್ಣು ಮುಚ್ಚಿ, ಕಚ್ಚಿ ಕುಡಿದರು. ಪೂರ್ತಿ ಕುಡಿದರು.

ಮಾರಾತ್ತಾ ಮತ್ತೆ ಲೋಟ ತುಂಬಿಸಿಕೊಂಡು ಈ ಸಲ ಅಪ್ಪನ ಹತ್ತಿರ ನಡೆದಳು. ಯಾರೂ ಹೇಳಿರಲಿಲ್ಲ. ಮಂಚದ ಮುಂದೆ ನಿಂತು ಲೋಟ ಚಾಚಿದಳು. ಇರುಳೆಲ್ಲ ಕೋಲು ಹಿಡಿದು ಊರನ್ನೇ ತಡೆದ ಅಪ್ಪ ಆ ಲೋಟವನ್ನು ನೋಡಿದ. ಅವನ ಹಣೆಯಲ್ಲಿ ಬೆವರು ಮೂಡಿತು. ಸ್ವಲ್ಪ ಹಿಂದಕ್ಕೆ ಸರಿದ, ಮಂಚ ಕಿರುಗುಟ್ಟಿತು. ನನ್ನ ಕಡೆ, ನನ್ನ ಕೈಯಲ್ಲಿದ್ದ ಚೊಂಬಿನ ಕಡೆ ನೋಡಿದ. ಮಾರಾತ್ತಾ ಕೈ ಇಳಿಸಲಿಲ್ಲ.

ಟೀಚರ್ ಜಗಲಿಯಿಂದ ಅವಳನ್ನು ಮೆಲ್ಲಗೆ ಕರೆದರು.

“ಬಾ ಕಣ್ಣು. ಅವರಿಗೆ ಭಯ ಆಗ್ತಿದೆ.”